ಯೂರಿಯಾ ಚೀಲದ ಹದಿನಾರು ರೂಪಾಯಿ

ಹಾವೇರಿ ಜಿಲ್ಲೆಯ ಗೋವಿನಜೋಳದ ಸೀಮೆಯಲ್ಲಿ ನಮ್ಮದು ಮನೆತನದ ಗೊಬ್ಬರದ ಅಂಗಡಿ. ಅಪ್ಪ, ಕಾಕಾ, ತಮ್ಮ, ನಾನು ಸೇರಿ ನಡೆಸುತ್ತೇವೆ. ಒಂದು ಗೋದಾಮು ಮೂರಾಗಿದ್ದು ಹೇಗೆ ಎಂದು ಹೊಸದಾಗಿ ಲೈಸೆನ್ಸ್ ಮಾಡಿಸುವವರು ಕೇಳುತ್ತಾರೆ. ಅವರಿಗೆ ಮೊದಲು ತೋರಿಸುವುದು ಒಂದು ಚೀಲದ ಲೆಕ್ಕ.

45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಖಾಸಗಿ ವ್ಯಾಪಾರಿಗಳಿಗೆ 2018ರಲ್ಲಿ ನಿಗದಿಯಾದ ವಿತರಣಾ ಮಾರ್ಜಿನ್ (ಮಾರಾಟಕ್ಕೆ ಸಿಗುವ ಪಾಲು) ಟನ್ನಿಗೆ 354 ರೂಪಾಯಿ, ಅಂದರೆ ಚೀಲಕ್ಕೆ ಸುಮಾರು 16. ಸಗಟು ವ್ಯಾಪಾರಿಯ ಪಾಲೂ ಇದರೊಳಗೇ. ಬ್ಯಾಂಕಿನ ಬಡ್ಡಿ ಶೇ. 12 ಎಂದು ಹಿಡಿಯಿರಿ. ಜೂನ್‌ನಲ್ಲಿ ಉದ್ರಿ ಕೊಟ್ಟ ಚೀಲದ ಹಣ ಜೋಳ ಮಾರಿದ ಮೇಲೆ ಡಿಸೆಂಬರ್‌ಗೆ ಬಂದರೆ ಆ ಆರು ತಿಂಗಳ ಬಡ್ಡಿಯೇ 16 ರೂಪಾಯಿ. ಚೀಲ ಇಳಿಸಿದ ಹಮಾಲಿ ಕೂಲಿ ನಮ್ಮ ಕೈಯಿಂದ ಹೋಯಿತು. ಉದ್ರಿ ಕೊಟ್ಟೇ ವ್ಯಾಪಾರ ಹೆಚ್ಚಿಸುತ್ತೇನೆ ಎಂದು ಹೊರಟ ಅಂಗಡಿಗಳು ಮೂರನೇ ವರ್ಷಕ್ಕೆ ಮಾಲು ಎತ್ತಲು ದುಡ್ಡಿಲ್ಲದೆ ನಿಲ್ಲುವುದು ಇಲ್ಲೇ.

ಹಾಗಾಗಿ ಯೂರಿಯಾ, ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಎರಡೂ ರೋಖ. ಉದ್ರಿ ಕೊಡುವುದು ಬೀಜ, ಜಿಂಕ್, ನೀರಿನಲ್ಲಿ ಕರಗುವ 19:19:19ರಂಥ ಮಾರ್ಜಿನ್ ಇರುವ ಮಾಲಿಗೆ ಮಾತ್ರ, ಅದೂ ಹೊಲ ಎಷ್ಟು ಎಕರೆ ಎಂಬುದರ ಮೇಲೆ. ಹಳೇ ಬಾಕಿ ಚುಕ್ತಾ ಆಗದೆ ಹೊಸ ಪುಟ ತೆರೆಯುವುದಿಲ್ಲ. ಖಾತೆ ಬರೆಯುವ ಕೈ ಒಂದೇ ಇರಬೇಕು. ನಮ್ಮಲ್ಲಿ ಅದು ಕಾಕಾನದು. ಮನೆಯವರೆಲ್ಲ ಬರೆಯತೊಡಗಿದರೆ ಒಬ್ಬರು ಇಲ್ಲ ಎಂದದ್ದನ್ನು ಇನ್ನೊಬ್ಬರು ಕೊಟ್ಟಿರುತ್ತಾರೆ.

ಎರಡನೆಯದು ಪಿಒಎಸ್, ಅಂದರೆ ಮಾರಾಟ ದಾಖಲಿಸುವ ಯಂತ್ರ. ಸಬ್ಸಿಡಿ ಮಾಲು ರೈತರ ಹೆಬ್ಬೆಟ್ಟಿನ ಮೇಲೆ ಯಂತ್ರದಲ್ಲಿ ಮಾರಾಟವಾಗಿ ದಾಖಲಾದ ಮೇಲೇ ಕಂಪನಿಗೆ ಸಬ್ಸಿಡಿ ಸಿಗುತ್ತದೆ. ಲಾರಿ ಇಳಿದ ಮಾಲನ್ನು ಯಂತ್ರದಲ್ಲಿ ಸ್ವೀಕರಿಸುವ ಮೊದಲೇ ಗದ್ದಲದಲ್ಲಿ ಕೊಟ್ಟುಬಿಟ್ಟರೆ ಯಂತ್ರದಲ್ಲೊಂದು ಸ್ಟಾಕು, ಗೋದಾಮಿನಲ್ಲೊಂದು ಸ್ಟಾಕು. ತಪಾಸಣೆಗೆ ಬಂದವರ ಕಣ್ಣಿಗೆ ಅದು ಕಾಳಸಂತೆಯಾಗಿಯೇ ಕಾಣುತ್ತದೆ. ಮೊದಲು ಸ್ವೀಕಾರ, ಆಮೇಲೆ ಮಾರಾಟ. ರಾತ್ರಿ ಬಾಗಿಲು ಹಾಕುವ ಮುಂಚೆ ಯಂತ್ರದ ಅಂಕಿ, ಸ್ಟಾಕ್ ಪುಸ್ತಕ, ಎಣಿಸಿದ ಚೀಲ ಮೂರನ್ನೂ ತಾಳೆ ನೋಡುತ್ತೇವೆ. ಒಂದು ಚೀಲ ವ್ಯತ್ಯಾಸ ಬಂದರೂ ಆ ರಾತ್ರಿಯೇ ಹುಡುಕಬೇಕು. ವಾರ ಕಳೆದರೆ ಸಿಗುವುದಿಲ್ಲ. ಕಳೆ ತೆಗೆದು ಸವೆದ ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. ಗಾಜನ್ನು ಒಣಬಟ್ಟೆಯಿಂದ, ಬೆರಳನ್ನು ಒದ್ದೆಬಟ್ಟೆಯಿಂದ ಒರೆಸಿ ಉಂಗುರ ಬೆರಳೋ ನಡು ಬೆರಳೋ ಇಡಿಸಿದರೆ ಸಾಮಾನ್ಯವಾಗಿ ಹಿಡಿಯುತ್ತದೆ.

ಗೋದಾಮಿನ ಶತ್ರು ತೇವ. ನೆಲದ ಮೇಲೆ ಮರದ ಹಲಗೆ ಹಾಸಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಹತ್ತು ಚೀಲಕ್ಕಿಂತ ಎತ್ತರ ಹೋಗದಂತೆ ನಿಟ್ಟು ಹಾಕುತ್ತೇವೆ. ಎತ್ತರ ಹೆಚ್ಚಿದರೆ ಭಾರಕ್ಕೆ ಕೆಳಗಿನ ಯೂರಿಯಾ ಗಟ್ಟಿಯಾಗಿ ಹೆಂಟೆ ಕಟ್ಟುತ್ತದೆ, ರೈತ ಅದನ್ನು ಮುಟ್ಟುವುದಿಲ್ಲ. ಮಳೆ ಹಿಡಿದ ದಿನ ಕಿಟಕಿ ಮುಚ್ಚಿ ನಿಟ್ಟಿಗೆ ತಾಡಪತ್ರಿ ಹೊದಿಸಬೇಕು. ಮೊದಲು ಬಂದ ಮಾಲು ಮೊದಲು ಹೊರಗೆ. ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಒಡೆದ ಚೀಲಗಳಿಂದ ಚೆಲ್ಲಿ ಗುಡಿಸಿದ ಗೊಬ್ಬರವನ್ನು ಒಟ್ಟಿಗೆ ತುಂಬಬೇಡಿ, ನೀರೊಡೆದು ಕೆಸರಾಗುತ್ತದೆ.

ಯೂರಿಯಾ ಬೇಕೆಂದರೆ ಜೊತೆಗೆ ಇಂತಿಷ್ಟು ಬೇರೆ ಮಾಲು ಎತ್ತಲೇಬೇಕು ಎಂಬ ಕಂಪನಿಗಳ ಲಿಂಕ್ ಪದ್ಧತಿ ನಮ್ಮ ಮೇಲೂ ಬಂದಿದೆ. ಅದನ್ನು ರೈತನ ತಲೆಗೆ ಕಟ್ಟಿದರೆ ಆತ ಮರಳಿ ಬರುವುದಿಲ್ಲ. ಎತ್ತಿದ ಆ ಮಾಲನ್ನು ಕೇಳಿದವರಿಗಷ್ಟೇ ಮಾರುತ್ತೇವೆ, ಉಳಿದರೆ ನಷ್ಟ ನಮ್ಮದು. ಸ್ಟಾಕು ಮತ್ತು ದರದ ಫಲಕ ಕಣ್ಣಿಗೆ ಕಾಣುವಂತಿರಬೇಕೆಂದು 1985ರ ರಸಗೊಬ್ಬರ ನಿಯಂತ್ರಣ ಆದೇಶವೇ ಹೇಳುತ್ತದೆ. 2008ರ ಜೂನ್ 10ರಂದು ಇದೇ ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ಇಬ್ಬರು ರೈತರು ಗೋಲಿಬಾರಿಗೆ ಬಲಿಯಾದರು. ಆ ಫಲಕದ ಅಂಕಿ ಸುಳ್ಳಾಗಬಾರದು.

ನಿಜವಾಗಿ ವ್ಯಾಪಾರ ಬೆಳೆಸಿದ್ದು ಬಿಲ್ಲಿಗೆ ಪಿನ್ ಮಾಡಿ ಕೊಡುವ ಒಂದು ಚೀಟಿ. ಮಳೆಯಾಶ್ರಿತ ಗೋವಿನಜೋಳಕ್ಕೆ ಸಾರಜನಕ, ರಂಜಕ, ಪೊಟ್ಯಾಶ್‌ನ ಶಿಫಾರಸು ಹೆಕ್ಟೇರಿಗೆ 100:50:25 ಕೆ.ಜಿ., ಎಕರೆಗೆ 40:20:10. ಚೀಟಿಯಲ್ಲಿ ಅದು ಎಕರೆಗೆ ಹೀಗೆ: ಬಿತ್ತುವಾಗ ಡಿಎಪಿ ಒಂದು ಚೀಲ, ಯೂರಿಯಾ ಅರ್ಧ ಚೀಲ, ಪೊಟ್ಯಾಶ್ 17 ಕೆ.ಜಿ.; ಮೂವತ್ತನೇ ದಿನಕ್ಕೆ ಮಣ್ಣಿನ ಹಸಿ ನೋಡಿಕೊಂಡು ಯೂರಿಯಾ ಒಂದು ಚೀಲ. ಹೆಚ್ಚು ಮಾರಲು ಅವಕಾಶವಿದ್ದರೂ ಇಷ್ಟೇ ಬರೆಯುತ್ತೇವೆ. ಜಿಂಕ್ ಸಲ್ಫೇಟ್ 4 ಕೆ.ಜಿ. ತಿಪ್ಪೆಗೊಬ್ಬರದಲ್ಲಿ ಬೆರೆಸಿ ಬೇರೆಯಾಗಿ ಹಾಕಬೇಕು; ಡಿಎಪಿ ಜೊತೆ ಕಲಸಿದರೆ ರಂಜಕ ಜಿಂಕನ್ನು ಹಿಡಿದಿಟ್ಟುಕೊಂಡು ಬೇರಿಗೆ ಸಿಗದಂತೆ ಮಾಡುತ್ತದೆ.

ಚೀಟಿಯ ನಕಲಿನಲ್ಲಿ ಬಿತ್ತಿದ ತಾರೀಖು, ಎಕರೆ ಎರಡೂ ಇರುತ್ತವೆ. ತಾರೀಖಿಗೆ ಮೂವತ್ತು ದಿನ ಕೂಡಿಸಿ, ವಾರವಾರಕ್ಕೆ ಎಕರೆ ಒಟ್ಟು ಹಾಕಿದರೆ ಜುಲೈನ ಮೇಲುಗೊಬ್ಬರಕ್ಕೆ ಎಷ್ಟು ಟನ್ ಬೇಕೆಂದು ಜೂನ್ ಮುಗಿಯುವುದರೊಳಗೇ ಗೊತ್ತಾಗುತ್ತದೆ. ಇಂಡೆಂಟ್, ಅಂದರೆ ಮಾಲಿನ ಬೇಡಿಕೆ ಪಟ್ಟಿ, ಅಂದೇ ಕಳಿಸುತ್ತೇವೆ.