ಇರಾನಿನ ಸಣ್ಣ ಊರಿನ ಜನಸಂಖ್ಯೆ, ಪ್ರಾಂತ್ಯ ತಪ್ಪಿಲ್ದೆ ಬರೆಯೋದು ಹೇಗೆ

ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕಾಲೇಜ್ ಹುಡುಗ್ರು ಹುಡುಗೀರು ಬೇರೆ ದೇಶದ ಊರುಗಳ ಬಗ್ಗೆ ಕನ್ನಡದಲ್ಲಿ ಬರೀತಿರೋದು ನಿಜಕ್ಕೂ ಖುಷಿ ವಿಷ್ಯ, ಆದ್ರೆ ಇರಾನಿನ ಊರು ಬಂದ್ರೆ ಜನಸಂಖ್ಯೆ ಒಂದೊಂದು ಕಡೆ ಒಂದೊಂದು ಸಿಗುತ್ತೆ, ಪ್ರಾಂತ್ಯನೂ ಬೇರೆ ಬೇರೆ ಇರುತ್ತೆ. ತಬಸ್ ಅನ್ನೋ ಊರನ್ನೇ ಇಟ್ಕೊಂಡು ಹೇಳ್ತೀನಿ, ಮರುಭೂಮಿ ಮಧ್ಯೆ ಖರ್ಜೂರದ ತೋಟ ಇರೋ, ಪರ್ಷಿಯನ್ ಮಾತಾಡೋ ಊರು.

ಮೊದ್ಲು ಆಡಳಿತದ ಮಟ್ಟ ತಿಳ್ಕೊಳ್ಳಿ. ಪ್ರಾಂತ್ಯಕ್ಕೆ ಒಸ್ತಾನ್ ಅಂತಾರೆ, ಈಗ 31 ಇವೆ. ಅದರೊಳಗೆ ನಮ್ಮ ತಾಲೂಕಿನ ಥರದ ಶಹ್ರೆಸ್ತಾನ್, ಅದರೊಳಗೆ ಅದರ ಭಾಗವಾದ ಬಖ್ಶ್, ಆಮೇಲೆ ಹಳ್ಳಿಗಳ ಗುಂಪು ದೆಹೆಸ್ತಾನ್. ಮುನ್ಸಿಪಾಲಿಟಿ ಇರೋ ಪಟ್ಟಣ ಶಹ್ರ್. ಹೆಚ್ಚಿನೋರು ಎಡವೋದು ಇಲ್ಲೇ, ಯಾಕಂದ್ರೆ ತಬಸ್ ಅಂದ್ರೆ ಪಟ್ಟಣನೂ ಹೌದು, ಸುತ್ತಲಿನ ಇಡೀ ಶಹ್ರೆಸ್ತಾನೂ ಹೌದು. ಸಾಗರ ಪೇಟೆ ಜನಸಂಖ್ಯೆ ಕೇಳಿದ್ರೆ ಸಾಗರ ತಾಲೂಕಿಂದು ಕೊಟ್ರೆ ಆಗುತ್ತಾ? ಹಾಗಾಗಿ ನಂಬರ್ ಪಕ್ಕ ಶಹ್ರ್ ಅಂತಿದೆಯಾ ಶಹ್ರೆಸ್ತಾನ್ ಅಂತಿದೆಯಾ ನೋಡಿ.

ಪರ್ಷಿಯನ್ ಅಂಕಿ ಓದೋದು ಕಷ್ಟ ಏನಿಲ್ಲ. ಅಕ್ಷರ ಬಲದಿಂದ ಎಡಕ್ಕೆ ಹೋದ್ರೂ ಸಂಖ್ಯೆ ನಮ್ಮ ಥರ ಎಡದಿಂದ ಬಲಕ್ಕೇ. ಸೊನ್ನೆ ಒಂದು ಚುಕ್ಕಿ, ಐದು ತಲೆಕೆಳಗಾದ ಹಾರ್ಟ್ ಥರ, ಏಳು ಮೇಲಕ್ಕೆ ಬಾಯಿ ತೆರೆದ ಮೂಲೆ, ಎಂಟು ಅದನ್ನೇ ಉಲ್ಟಾ ಮಾಡಿದ್ದು. ಏಳು ಎಂಟು ಮಾತ್ರ ಎರಡೆರಡು ಸಲ ನೋಡಿ, ಅದಲು ಬದಲಾಗಿಬಿಡುತ್ತೆ.

ಇಸವಿನೂ ಅವರದ್ದೇ. ಹೊಸ ವರ್ಷ ಮಾರ್ಚ್ 21ರ ಹೊತ್ತಿಗೆ ಶುರು, 621 ಕೂಡಿಸಿದ್ರೆ ನಮ್ಮ ಇಸವಿ, ಜನವರಿಯಿಂದ ಮಾರ್ಚ್‌ವರೆಗಿನ ದಿನ ಆದ್ರೆ 622. ಸೆನ್ಸಸ್ 1956ರಿಂದ ಹತ್ತು ವರ್ಷಕ್ಕೊಂದ್ಸಲ ನಡೀತಿತ್ತು, 2006 ಆದ್ಮೇಲೆ 2011, 2016ರಲ್ಲಿ ಆಯ್ತು, 1395ರ ಸೆನ್ಸಸ್ ಅಂತಿದ್ರೆ ಅದು 2016ರದ್ದು. ತಬಸ್ ಪಟ್ಟಣದಲ್ಲಿ 2006ಕ್ಕೆ 30,681 ಜನ, 2016ಕ್ಕೆ 39,676. ಎರಡೂ ಸರಿ, ವರ್ಷ ಹಾಕ್ದೆ ಬರೆದ್ರೆ ಮಾತ್ರ ತಪ್ಪು.

ಪ್ರಾಂತ್ಯದ ಕಥೆನೂ ಹಂಗೇ. ತಬಸ್ ಮೊದ್ಲು ಖೊರಾಸಾನ್‌ನಲ್ಲಿತ್ತು, 2000ರ ದಶಕದ ಶುರುವಲ್ಲಿ ಯಜ್ದ್‌ಗೆ ಹೋಯ್ತು, 2004ರಲ್ಲಿ ಖೊರಾಸಾನೇ ಮೂರು ಭಾಗ ಆಯ್ತು, 2013ರಲ್ಲಿ ತಬಸ್ ದಕ್ಷಿಣ ಖೊರಾಸಾನ್‌ಗೆ ಸೇರ್ತು. ಅಂದ್ರೆ 2006ರ ಅಂಕಿ ಯಜ್ದ್ ಪಟ್ಟೀಲಿ ಸಿಗುತ್ತೆ, 2016ರದ್ದು ದಕ್ಷಿಣ ಖೊರಾಸಾನ್ ಪಟ್ಟೀಲಿ. ನಮಗೆ ಇದು ಹೊಸದಲ್ಲ, ಚನ್ನಗಿರಿ, ಹೊನ್ನಾಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ್ವು, 1991ರ ಸೆನ್ಸಸ್ ನೋಡೋರು ಅವನ್ನ ಶಿವಮೊಗ್ಗದಲ್ಲೇ ಹುಡುಕ್ಬೇಕು.

ಹಳೇ ಅಂಕಿ ಹೋಲಿಸೋ ಮೊದ್ಲು ಮಧ್ಯದಲ್ಲಿ ಏನಾಯ್ತು ಅಂತ ದಯವಿಟ್ಟು ನೋಡಿ. 1978ರ ಸೆಪ್ಟೆಂಬರ್ ಭೂಕಂಪದಲ್ಲಿ ತಬಸ್ ಹೆಚ್ಚುಕಮ್ಮಿ ನೆಲಸಮ ಆಗಿ ಸಾವಿರಾರು ಜನ ಸತ್ರು. 1976, 1986ರ ಅಂಕಿ ಪಕ್ಕಪಕ್ಕ ಇಡೋರು ಆ ಒಂದು ಸಾಲು ಬರೀಲೇಬೇಕು. ಲಿಂಗನಮಕ್ಕಿಗೆ ಮನೆ ಗದ್ದೆ ಬಿಟ್ಟೋರ ವಿಷ್ಯ ಹೇಳ್ದೆ ಶರಾವತಿ ಕಣಿವೆಯ 1961, 1971ರ ಲೆಕ್ಕ ಕೊಟ್ರೆ ನಮಗೆ ಎಷ್ಟು ಬೇಜಾರಾಗುತ್ತೆ!

ಬರೆಯುವಾಗ ಹೀಗೆ ಬರೀರಿ: “ತಬಸ್ ಇರಾನಿನ ದಕ್ಷಿಣ ಖೊರಾಸಾನ್ ಪ್ರಾಂತ್ಯದ ತಬಸ್ ಶಹ್ರೆಸ್ತಾನಿನ ಆಡಳಿತ ಕೇಂದ್ರ, 2016ರ ಸೆನ್ಸಸ್ ಪ್ರಕಾರ ಪಟ್ಟಣದ ಜನಸಂಖ್ಯೆ 39,676.” ಬೇರೆ ಊರಾದ್ರೆ ಹೆಸರು, ಅಂಕಿ, ವರ್ಷ ಬದಲಾಯಿಸ್ಕೊಳ್ಳಿ, ವರ್ಷ ಸಿಗ್ಲಿಲ್ಲ ಅಂದ್ರೆ ಅಂಕಿ ಹಾಕ್ಲೇಬೇಡಿ.