ಮನೆಯ ಹೊರನೋಟಕ್ಕೆ ಕಡಲತೀರದ ಕುಟೀರದ ಸೊಬಗು

ಕಡಲತೀರದ ಪುಟ್ಟ ಮನೆಗಳ ಚೆಲುವು ಅವುಗಳ ಸರಳತೆಯಲ್ಲಿದೆ. ಆದ್ದರಿಂದ ಹೊಸದೇನನ್ನಾದರೂ ಸೇರಿಸುವ ಮೊದಲು ಮುಂಭಾಗದ ಅನಗತ್ಯ ವಸ್ತುಗಳನ್ನು ತೆಗೆದು, ಗೋಡೆಯನ್ನು ತೊಳೆದು, ಪೂರ್ತಿ ಒಣಗಲು ಬಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬಣ್ಣ. ಗೋಡೆಗೆ ಕೆನೆಬಿಳಿ ಅಥವಾ ತಿಳಿಬೂದು, ಚೌಕಟ್ಟುಗಳಿಗೆ ಅಚ್ಚಬಿಳಿ ಬಳಿದು, ಮುಂಬಾಗಿಲಿಗೆ ಮಾತ್ರ ಹಸಿರು ಬೆರೆತ ನೀಲಿಯನ್ನು ಕೊಟ್ಟರೆ ನೋಡುವವರ ಕಣ್ಣು ನೇರವಾಗಿ ಬಾಗಿಲಿನತ್ತ ಹೋಗುತ್ತದೆ. ಅಂಗಡಿಯ ಬಣ್ಣದ ಚೀಟಿಯನ್ನಷ್ಟೇ ನಂಬದೆ, ಗೋಡೆಯ ಮೇಲೆಯೇ ಅಗಲವಾದ ಪಟ್ಟಿಗಳನ್ನು ಬಳಿದು ಬೆಳಗಿನ, ನಡುಹಗಲಿನ ಮತ್ತು ಸಂಜೆಯ ಬೆಳಕಿನಲ್ಲಿ ನೋಡಿ ತೀರ್ಮಾನಿಸಿ, ಏಕೆಂದರೆ ನೆರಳಿನಲ್ಲಿ ಹಿತವಾಗಿ ಕಂಡ ನೀಲಿ ಬಿಸಿಲಿನಲ್ಲಿ ಪೇಲವವಾಗಬಹುದು. ಬಾಗಿಲಿನ ಹಳೆಯ ಬಣ್ಣ ಎದ್ದಿದ್ದರೆ ಅದನ್ನು ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಎಂಬ ತಳಲೇಪ ಹಚ್ಚಿದ ಮೇಲೆ ಎರಡು ತೆಳುವಾದ ಕೋಟ್ ಬಳಿಯಿರಿ. ಬಹಳ ಹಳೆಯ ಬಣ್ಣದಲ್ಲಿ ವಿಷಕಾರಿ ಲೋಹವಾದ ಸೀಸವಿರಬಹುದಾದ್ದರಿಂದ ಪರೀಕ್ಷಿಸದೆ ಕೆರೆಯಬಾರದು, ಉಜ್ಜಬಾರದು.

ಕಿಟಕಿಯ ಇಕ್ಕೆಲಗಳಲ್ಲಿ ಮರದ ಕದಗಳನ್ನು ಕೂರಿಸುವುದಾದರೆ ಪ್ರತಿ ಕದದ ಅಗಲವು ಕಿಟಕಿಯ ಅರ್ಧದಷ್ಟಿರಲಿ. ಮುಚ್ಚಿದಾಗ ಕಿಟಕಿಯನ್ನು ಆವರಿಸಲಾರದ ಕಿರಿದಾದ ಕದಗಳು ಎಷ್ಟೇ ಚೆನ್ನಾಗಿದ್ದರೂ ಸುಮ್ಮನೆ ಅಂಟಿಸಿದಂತೆ ಕಾಣುತ್ತವೆ. ಮನೆ ನಿಜವಾಗಿಯೂ ಕಡಲಿನ ಸಮೀಪದಲ್ಲಿದ್ದರೆ ತಿರುಪು ಮತ್ತು ಕೀಲುಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಿ. ಅದರಲ್ಲಿರುವ ಮಾಲಿಬ್ಡಿನಮ್ ಎಂಬ ಲೋಹದಿಂದಾಗಿ ಅದು ಉಪ್ಪುಗಾಳಿಯನ್ನು ಸಾಮಾನ್ಯ ಬಳಕೆಯ 304 ದರ್ಜೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ನಡೆದಾರಿಗೆ ತಿಳಿಬಣ್ಣದ ಸಣ್ಣ ಜಲ್ಲಿ, ಅದರ ಅಂಚಿಗೆ ಗಾಳಿಗೆ ಬಾಗುವ ಅಲಂಕಾರದ ಹುಲ್ಲು ಸಾಕು. ಲಂಗರು, ದೋಣಿಯ ಹುಟ್ಟು, ಚಿಪ್ಪುಗಳನ್ನೆಲ್ಲ ಗೋಡೆಗೆ ತೂಗುಹಾಕುವುದು ನನಗೆ ಸರಿಕಾಣದು. ಬಾಗಿಲ ಬಳಿ ಒಂದು ಹಿತ್ತಾಳೆಯ ದೀಪವೇ ಅವೆಲ್ಲಕ್ಕಿಂತ ಹೆಚ್ಚು ಒಪ್ಪುತ್ತದೆ.