ರೆಂಚ್ ಹಿಡಿಯುವ ಮೊದಲು ಪೌಡರ್ ಡಬ್ಬಿ ಹಿಡಿಯಿರಿ

ಬೆಳಗಾವಿಯಲ್ಲಿ ಗಾಲ್ಫ್ ಮೈದಾನ ಎಂದರೆ ಬಹಳ ಜನರಿಗೆ ನೆನಪಾಗುವುದು ಚೆಂಡಲ್ಲ, ಚಿರತೆ. 2022ರ ಆಗಸ್ಟ್‌ನಲ್ಲಿ ಅದು ಮೈದಾನದ ಪೊದೆಗಳಲ್ಲಿ ಸೇರಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಿಸಿ, ಸಕ್ರೆಬೈಲು ಬಿಡಾರದ ಆನೆಗಳನ್ನೇ ಊರಿಗೆ ಕರೆಸಿಕೊಂಡಿತ್ತು. ಅಂಥ ಪೊದೆಗಳಿಗೆ ನಾನು ಇದುವರೆಗೆ ದಾನ ಮಾಡಿದ ಚೆಂಡುಗಳನ್ನು ಒಟ್ಟು ಹಾಕಿದರೆ ಒಂದು ಗೋಣಿಚೀಲ ತುಂಬುತ್ತದೆ. ನಾನು ಬಲಗೈ ಆಟಗಾರ. ಹೊಡೆದ ಚೆಂಡು ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಬಲಕ್ಕೆ ತಿರುಗುತ್ತಿತ್ತು. ಸ್ಲೈಸ್ ಎನ್ನುವುದು ಇದಕ್ಕೇ. ಮದ್ದೆಂದು ರೆಂಚ್‌ನಿಂದ ಹೊಂದಿಸಬಹುದಾದ ಡ್ರೈವರ್ ಎಂಬ ಕೋಲು ಕೊಂಡೆ. ಕೊಂಡ ಮೇಲೆ ಎರಡು ತಿಂಗಳು, ದಿನಕ್ಕೊಂದು ಕಡೆ ತಿರುಗಿಸಿ, ಇದ್ದ ಆಟವನ್ನೂ ಕೆಡಿಸಿಕೊಂಡೆ. ಆ ಎರಡು ತಿಂಗಳು ನಿಮಗೆ ಉಳಿಯಲಿ ಎಂದು ಈ ಬರಹ.

ಬ್ಯಾಗಿನಲ್ಲಿರುವ ಅತಿ ಉದ್ದದ, ಅತಿ ದೊಡ್ಡ ತಲೆಯ ಕೋಲೇ ಡ್ರೈವರ್. ನಿಯಮದ ಪ್ರಕಾರ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. 2004ರಲ್ಲಿ ಟೇಲರ್‌ಮೇಡ್ ಕಂಪನಿ ತಲೆಯಲ್ಲಿ ಅದಲುಬದಲು ಮಾಡಬಹುದಾದ ನಾಲ್ಕು ತೂಕದ ಸ್ಕ್ರೂಗಳನ್ನಿಟ್ಟು ಮಾರಿತು. 2008ರಲ್ಲಿ ನಿಯಮ ಇನ್ನಷ್ಟು ಸಡಿಲವಾದ ಮೇಲೆ ಕತ್ತನ್ನೇ ಬಿಚ್ಚಿ ತಿರುಗಿಸುವ ಡ್ರೈವರ್‌ಗಳು ಬಂದವು. ಇಂದು ಹೊಂದಾಣಿಕೆ ಎಂದರೆ ಈ ಎರಡೇ ಜಾಗ: ದಂಡ ತಲೆಗೆ ಸೇರುವ ಕತ್ತಿನಲ್ಲಿರುವ ತೋಳು (ಸ್ಲೀವ್ ಎಂಬ, ತಿರುಗಿಸಬಹುದಾದ ಕೊಳವೆ), ಮತ್ತು ತಲೆಯ ಅಡಿಯಲ್ಲಿರುವ ತೂಕ. ಕತ್ತು ಚೆಂಡಿನ ಎತ್ತರವನ್ನೂ, ಚೆಂಡಿಗೆ ತಗಲುವ ಮುಖದ ದಿಕ್ಕನ್ನೂ ಬದಲಿಸುತ್ತದೆ. ತೂಕದ ಸ್ಥಾನ ಬದಲಾದರೆ ಏಟು ತಪ್ಪಿದಾಗ ತಲೆ ವರ್ತಿಸುವ ರೀತಿ ಬದಲಾಗುತ್ತದೆ.

ಮೊದಲು ಮೂಲಸ್ಥಾನಕ್ಕೆ ತನ್ನಿ

ಹಳೆಯ ಡ್ರೈವರ್ ಕೊಂಡವರು ಇದನ್ನು ಮರೆಯಲೇಬಾರದು. ಹಿಂದಿನ ಮಾಲೀಕ ತನ್ನ ಸ್ಲೈಸಿಗೋ ಹುಕ್ಕಿಗೋ (ಚೆಂಡು ಎಡಕ್ಕೆ ತಿರುಗುವುದು) ತಕ್ಕಂತೆ ತಿರುಗಿಸಿಟ್ಟಿರುತ್ತಾನೆ; ಅವನ ರೋಗದ ಔಷಧವನ್ನು ನೀವು ಕುಡಿಯುತ್ತಿರುತ್ತೀರಿ. ಮೂಲಸ್ಥಾನದ ಗುರುತು ಕಂಪನಿಗೊಂದು. ಟೈಟ್‌ಲಿಸ್ಟ್‌ನಲ್ಲಿ ‘ಎ1’. ಕ್ಯಾಲವೇಯಲ್ಲಿ ಒಂದು ಹಲ್ಲುಚಕ್ರದ ಮೇಲೆ ‘ಎಸ್’, ಇನ್ನೊಂದರ ಮೇಲೆ ‘ಎನ್’. ಟೇಲರ್‌ಮೇಡ್ ತೋಳಿನಲ್ಲಿ ಹನ್ನೆರಡು ಸ್ಥಾನಗಳಿದ್ದು, ಅದನ್ನು ತಿರುಗಿಸಿದಾಗ ದಂಡವೂ ತಿರುಗುತ್ತದೆ. ಹಿಡಿಯ ಒಂದು ಬದಿಯಲ್ಲಿ ಉಬ್ಬು ಗೆರೆ ಇದ್ದರೆ ಅದೂ ಜಾಗ ಬದಲಿಸಿ ಅಂಗೈಗೆ ಅಪರಿಚಿತವಾಗುತ್ತದೆ. ಕ್ಯಾಲವೇ, ಟೈಟ್‌ಲಿಸ್ಟ್‌ಗಳಲ್ಲಿ ಎರಡು ಚಕ್ರಗಳಿರುವುದರಿಂದ ದಂಡ ಇದ್ದಂತೆಯೇ ಇರುತ್ತದೆ. ಒಂದು ಕಂಪನಿಯ ತೋಳು ಇನ್ನೊಂದರ ತಲೆಗೆ ಕೂರುವುದಿಲ್ಲ; ಅಗ್ಗಕ್ಕೆ ಸಿಕ್ಕಿತೆಂದು ಬರಿಯ ದಂಡ ಕೊಳ್ಳುವವರು ಗಮನಿಸಿ.

ಚೆಂಡು ತಗಲುವುದೆಲ್ಲಿ?

ಈಗ ಪೌಡರ್. ಡ್ರೈವರ್ ಮುಖಕ್ಕೆ ಟಾಲ್ಕಂ ಪೌಡರ್ ತೆಳುವಾಗಿ ಸವರಿ, ಚೆಂಡು ಹೊಡೆದು, ಎಲ್ಲಿ ಅಳಿಸಿದೆ ನೋಡಿ. ಮನೆಯಲ್ಲಿ ವಿಭೂತಿ ಗಟ್ಟಿ ಇರುತ್ತದೆ, ಅದರ ಗುರುತು ಪೌಡರಿಗಿಂತ ಸ್ಪಷ್ಟವಾಗಿ ಮೂಡುತ್ತದೆ. ಆದರೆ ನಮ್ಮಮ್ಮ ನೋಡಿದ ದಿನ ನನಗೆ ಊಟ ಸಿಕ್ಕಿದ್ದು ತಡವಾಗಿ. ಪೌಡರೇ ಲೇಸು.

ಹತ್ತು ಚೆಂಡು ಹೊಡೆಯಿರಿ, ಪ್ರತಿ ಸಲವೂ ಒರೆಸಿ ಮತ್ತೆ ಸವರಿ. ಗುರುತುಗಳೆಲ್ಲ ಹೀಲ್ ಕಡೆ, ಅಂದರೆ ದಂಡಕ್ಕೆ ಹತ್ತಿರ ಬಿದ್ದಿದ್ದರೆ, ಸ್ಲೈಸಿನ ಅರ್ಧ ಪಾಲು ಅಲ್ಲೇ ಇದೆ. ಹೀಲ್‌ಗೆ ತಗಲಿದಾಗ ತಲೆ ಒಂದು ಕಡೆ ತಿರುಗಿ, ಹಲ್ಲುಚಕ್ರ ಹಲ್ಲುಚಕ್ರವನ್ನು ತಿರುಗಿಸುವ ಹಾಗೆ ಚೆಂಡಿಗೆ ಎದುರು ತಿರುವು ಕೊಡುತ್ತದೆ. ಟೋ ಕಡೆ, ಅಂದರೆ ಆಚೆ ತುದಿಗೆ ತಗಲಿದರೆ ತಿರುವು ಎಡಕ್ಕೆ. ಮುಖದ ಕೆಳಭಾಗಕ್ಕೆ ತಗಲಿದ ಚೆಂಡು ತಗ್ಗಾಗಿ ಹೊರಟು ಅತಿಯಾಗಿ ಹಿಂದಕ್ಕೆ ಸುತ್ತುತ್ತದೆ, ದೂರ ಹೋಗುವುದಿಲ್ಲ. ಇದಕ್ಕೆ ರೆಂಚ್ ಬೇಡ. ಟೀಯನ್ನು, ಅಂದರೆ ಚೆಂಡು ಕೂರಿಸುವ ಗೂಟವನ್ನು, ತುಸು ಎತ್ತರಿಸಿ, ಚೆಂಡಿನ ಅರ್ಧ ಭಾಗ ತಲೆಯ ಮೇಲಂಚಿಗಿಂತ ಮೇಲೆ ಕಾಣಬೇಕು. ಹೀಲ್‌ಗೆ ತಗಲುತ್ತಿದ್ದರೆ, ನಿಂತ ಜಾಗದಿಂದ ಎರಡು ಬೆರಳಿನಷ್ಟು ಹಿಂದೆ ಸರಿದರೂ ಗುರುತು ನಡುವಿಗೆ ಬರುವುದುಂಟು. ಹತ್ತರಲ್ಲಿ ಆರು ಗುರುತು ಒಂದೇ ಕಡೆ ಬೀಳುವವರೆಗೆ ಯಾವ ಸ್ಕ್ರೂ ಮುಟ್ಟಿದರೂ ಅದು ಜೂಜು.

ಲಾಫ್ಟ್: ಮೀಸೆಯ ಪ್ರಶ್ನೆ

ಲಾಫ್ಟ್ ಎಂದರೆ ಮುಖ ಹಿಂದಕ್ಕೆ ಎಷ್ಟು ವಾಲಿದೆ ಎಂಬ ಕೋನ. ಅಡಿಯಲ್ಲಿ 9, 10.5, 12 ಎಂದು ಬರೆದಿರುತ್ತದೆ. ಎರಡು ಡಿಗ್ರಿ ಹಿಗ್ಗಿ ಕುಗ್ಗುವ ತೋಳಿದ್ದರೆ 10.5ರ ಡ್ರೈವರ್ 8.5ರಿಂದ 12.5ರವರೆಗೆ ಬದಲಾಗುತ್ತದೆ. ಕಡಿಮೆ ಸಂಖ್ಯೆ ಗಟ್ಟಿ ಆಟಗಾರನ ಲಕ್ಷಣ ಎಂಬ ನಂಬಿಕೆ ಹೇಗೋ ಬೆಳೆದುಬಿಟ್ಟಿದೆ. ಕೆಲವರಿಗೆ 9 ಎಂದು ಬರೆದ ಡ್ರೈವರ್ ಮೀಸೆ ಇದ್ದಂತೆ. ನಾನೂ ಅದನ್ನೇ ತಿರುವುತ್ತಿದ್ದೆ.

ಅಮೆರಿಕದ ವೃತ್ತಿಪರರು ಡ್ರೈವರ್ ತಲೆಯನ್ನು ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಬೀಸುತ್ತಾರೆ. ನಮ್ಮಂಥ ಭಾನುವಾರದ ಆಟಗಾರರ ವೇಗ 140ರ ಆಸುಪಾಸು. ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು ವೇಗ ಮತ್ತು ಹಿಮ್ಮುಖ ಸುತ್ತು. ವೇಗ ಕಡಿಮೆ ಇದ್ದವರು ಲಾಫ್ಟ್ ಕೂಡ ಕಡಿಮೆ ಮಾಡಿದರೆ ಚೆಂಡಿಗೆ ಎತ್ತರವೂ ಇಲ್ಲ, ಹಿಡಿತವೂ ಇಲ್ಲ. ಕಲ್ಲು ಬಿದ್ದಂತೆ ಬೀಳುತ್ತದೆ. ಇಂಥವರಿಗೆ 10.5ರಿಂದ 12.5ರ ನಡುವಿನ ಸಂಖ್ಯೆಯೇ ಹೆಚ್ಚು ದೂರ ಕೊಡುತ್ತದೆ.

ಸ್ಲೈಸಿಗೂ ಇದರಿಂದ ಎರಡು ಬಗೆಯ ಲಾಭ. ಲಾಫ್ಟ್ ಹೆಚ್ಚಿದಾಗ ಹಿಮ್ಮುಖ ಸುತ್ತು ಹೆಚ್ಚಿ, ಪಕ್ಕದ ತಿರುವು ಅದರೆದುರು ಸಣ್ಣದಾಗುತ್ತದೆ. ಜೊತೆಗೆ, ತೋಳಿನಲ್ಲಿ ಲಾಫ್ಟ್ ಏರಿಸಿದರೆ ನೆಲದ ಮೇಲಿಟ್ಟ ಮುಖ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಇಳಿಸಿದರೆ ಬಲಕ್ಕೆ ತೆರೆದುಕೊಳ್ಳುತ್ತದೆ. ಗಾಳಿಗೆ ತಗ್ಗಾಗಿ ಹೊಡೆಯುವೆನೆಂದು ಲಾಫ್ಟ್ ಇಳಿಸಿದ ಸ್ಲೈಸ್ ಆಟಗಾರ ತನ್ನ ಕೈಯಾರೆ ಬಾಗಿಲು ತೆರೆದಿಟ್ಟಂತೆ.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ತಿಳಿಯಲು ತಿಂಗಳೇ ಹಿಡಿಯಿತು. ಕೋಲನ್ನು ನೆಲದ ಮೇಲೆ ತಾನಾಗಿ ಕೂರಲು ಬಿಟ್ಟು ಹಾಗೆಯೇ ಹಿಡಿಯುತ್ತೀರಾ, ಅಥವಾ ಮುಖವನ್ನು ಕೈಯಿಂದ ಗುರಿಗೆ ನೇರ ಮಾಡಿ ಹಿಡಿಯುತ್ತೀರಾ? ಮೊದಲನೆಯವರಿಗೆ ತೋಳು ತಿರುಗಿಸಿದ ಫಲ ಮುಖ್ಯವಾಗಿ ದಿಕ್ಕಿನಲ್ಲಿ ಸಿಗುತ್ತದೆ, ಲಾಫ್ಟ್ ಹೆಚ್ಚೇನೂ ಬದಲಾಗುವುದಿಲ್ಲ. ಎರಡನೆಯವರಿಗೆ ನಿಜವಾದ ಲಾಫ್ಟ್ ಬದಲಾಗುತ್ತದೆ. ಒಂದೇ ಡ್ರೈವರ್, ಒಂದೇ ಸ್ಥಾನ, ಇಬ್ಬರಿಗೆ ಎರಡು ಫಲ. ಹಾಗಾಗಿ ಗೆಳೆಯನ ಸೆಟ್ಟಿಂಗ್ ನಕಲು ಮಾಡಿ ಪ್ರಯೋಜನವಿಲ್ಲ.

ಮಾಡಬೇಕಾದದ್ದು ಇಷ್ಟು: ಮೂಲಸ್ಥಾನದಿಂದ ಒಂದು ಡಿಗ್ರಿ ಏರಿಸಿ, ಹತ್ತು ಚೆಂಡು ಹೊಡೆದು, ಅವು ಬೀಳುವುದನ್ನು ನೋಡಿ. ತುದಿಯಲ್ಲಿ ಮೆಲ್ಲಗೆ ಬಾಗಿ ಇಳಿದು ಮುಂದಕ್ಕೆ ಉರುಳಿದರೆ ಅಲ್ಲೇ ನಿಲ್ಲಿಸಿ. ಆಕಾಶಕ್ಕೇರಿ, ಬಾವಿಗೆ ಬಿದ್ದ ಕೊಡದಂತೆ ನೆಟ್ಟಗೆ ಇಳಿದು ಅಲ್ಲೇ ಕುಳಿತರೆ ಹೆಚ್ಚಾಯಿತು, ಅರ್ಧ ಡಿಗ್ರಿ ಕೆಳಗೆ ಬನ್ನಿ.

ತೂಕ ಮತ್ತು ಬಿಗಿತ

ಅಡಿಯ ತೂಕ ಹಿಂದಿದ್ದರೆ ತಲೆ ಸ್ಥಿರ, ತಪ್ಪು ಏಟಿಗೆ ಕ್ಷಮೆ ಹೆಚ್ಚು, ಚೆಂಡು ಎತ್ತರ. ಮುಂದಿದ್ದರೆ ಸುತ್ತು ಕಡಿಮೆ, ಹಾರಾಟ ತಗ್ಗು, ಕ್ಷಮೆಯೂ ಕಡಿಮೆ. ಹೀಲ್ ಕಡೆ ಸರಿಸಿದರೆ ಮುಖ ಬೇಗ ಮುಚ್ಚಿಕೊಂಡು ಚೆಂಡು ಎಡಕ್ಕೆ ಒಲಿಯುತ್ತದೆ, ಟೋ ಕಡೆ ಸರಿಸಿದರೆ ಬಲಕ್ಕೆ. ಹೆಚ್ಚಿನವರು ಹಿಂದಿಟ್ಟು ಮರೆತುಬಿಡುವುದೇ ಸರಿ. ತೂಕ ಸರಿಸಿ 40 ಗಜದ ಸ್ಲೈಸನ್ನು ನೇರ ಮಾಡುವೆನೆಂದು ಹೊರಡಬೇಡಿ, ಅಷ್ಟು ಶಕ್ತಿ ಅದಕ್ಕಿಲ್ಲ. ತೋಳಿನಲ್ಲಿ ‘ಅಪ್‌ರೈಟ್’ ಎಂಬ, ದಂಡವನ್ನು ತುಸು ನೆಟ್ಟಗೆ ನಿಲ್ಲಿಸುವ ಸ್ಥಾನವೂ ಇರಬಹುದು. ಡ್ರೈವರ್‌ನಲ್ಲಿ ಅದರ ಪ್ರಭಾವ ಅಲ್ಪ.

ರೆಂಚ್ ವಿಷಯದಲ್ಲಿ ನನ್ನ ಗುರು ಉದ್ಯಮಬಾಗದ ಫಿಟ್ಟರ್ ಗೆಳೆಯ. ಗಾಲ್ಫ್ ಆಡಿದವನಲ್ಲ. ನಾನು ಹಲ್ಲು ಕಚ್ಚಿ ಸ್ಕ್ರೂ ಬಿಗಿಯುವುದನ್ನು ನೋಡಿ, “ಸರ್, ಇದು ಕಬ್ಬಿನ ಗಾಡಿಯ ನಟ್ಟಲ್ಲ” ಎಂದ. ಜೊತೆಗೆ ಬರುವ ಟಾರ್ಕ್ ರೆಂಚ್ ನಿಗದಿತ ಬಿಗಿತಕ್ಕೆ, ಸಾಮಾನ್ಯವಾಗಿ 40 ಇಂಚ್-ಪೌಂಡ್‌ಗೆ, ‘ಟಕ್’ ಎಂದು ಜಾರುತ್ತದೆ. ಅದಕ್ಕಿಂತ ಮೊದಲು ನಿಲ್ಲಿಸಿದರೆ ತಲೆ ಸಡಿಲ. ನಂತರವೂ ಬೇರೆ ಕೀಲಿಯಿಂದ ತಿರುಗಿಸಿದರೆ ಸ್ಕ್ರೂವಿನ ಸುರುಳಿಗೆರೆ ಕೆಟ್ಟೀತು. ಮತ್ತೆ ಜೋಡಿಸುವ ಮೊದಲು ತೋಳಿನ ಹಲ್ಲುಗಳಲ್ಲಿ ಮಣ್ಣಿದ್ದರೆ ಒಣ ಬಟ್ಟೆಯಿಂದ ಒರೆಸಿ. ಒಂದು ಕೆಮ್ಮಣ್ಣಿನ ಕಣ ಸಾಕು, ತೋಳು ಪೂರ್ತಿ ಕೂರುವುದಿಲ್ಲ.

ಜೂನ್‌ಗೆ ಒಂದು, ಏಪ್ರಿಲ್‌ಗೆ ಒಂದು

ಬೆಳಗಾವಿಯವರಿಗೆ ಎರಡು ಸೆಟ್ಟಿಂಗ್ ಬೇಕು. ಮಳೆಗಾಲದಲ್ಲಿ ಹುಲ್ಲು ನೆನೆದು ಚೆಂಡು ಬಿದ್ದಲ್ಲೇ ಅಂಟಿಕೊಳ್ಳುತ್ತದೆ, ಉರುಳುವುದಿಲ್ಲ. ಗಾಳಿಯಲ್ಲಿ ಹೋದಷ್ಟೇ ದೂರ. ಆಗ ನಾನು ಇನ್ನರ್ಧ ಡಿಗ್ರಿ ಏರಿಸುತ್ತೇನೆ. ಏಪ್ರಿಲ್–ಮೇನಲ್ಲಿ ನೆಲ ಹಂಚಿನಂತೆ ಗಟ್ಟಿ, ಮೂಲಸ್ಥಾನಕ್ಕಿಂತ ಸ್ವಲ್ಪವೇ ಮೇಲಿದ್ದರೂ ಉರುಳಿ ದೂರ ಹೋಗುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಚೆಂಡು ಗೋವಾದಲ್ಲಿ ಹಾರುವುದಕ್ಕಿಂತ ಶೇ 2–3ರಷ್ಟು ಹೆಚ್ಚು ಹಾರುತ್ತದೆ. ಅಲ್ಲಿಗೆ ಆಡಲು ಹೋಗಿ ಗಜಗಳು ಕಡಿಮೆಯಾದರೆ ರೆಂಚ್ ತೆಗೆಯಬೇಡಿ.

ಪಂದ್ಯ ಶುರುವಾದ ಮೇಲಂತೂ ತೆಗೆಯುವಂತೆಯೇ ಇಲ್ಲ. ಆಟದ ನಡುವೆ ಬೇಕೆಂದೇ ಸೆಟ್ಟಿಂಗ್ ಬದಲಿಸಿದ ಕೋಲಿನಿಂದ ಒಂದು ಏಟು ಹೊಡೆದರೂ ಪಂದ್ಯದಿಂದ ಅನರ್ಹ. ಹೊಡೆಯುವ ಮೊದಲೇ ಹಿಂದಿನ ಸ್ಥಾನಕ್ಕೆ ತಂದರೆ ಶಿಕ್ಷೆಯಿಲ್ಲ. ತಾನಾಗಿ ಸಡಿಲವಾದದ್ದನ್ನು ಅದೇ ಸ್ಥಾನದಲ್ಲಿ ಬಿಗಿಯಬಹುದು. ಅದೇ ಸ್ಥಾನ ಎಂದು ಎದುರಾಳಿಗೆ ತೋರಿಸಲು ನಾನು ತಿರುಗಿಸಿದಾಗಲೆಲ್ಲ ಕತ್ತಿನ ಗುರುತನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡುತ್ತೇನೆ. ಈಗಿನ ಫೋಟೊದಲ್ಲಿ ಮೂಲಸ್ಥಾನಕ್ಕಿಂತ ಒಂದೂವರೆ ಡಿಗ್ರಿ ಮೇಲೆ ಎಂದಿದೆ, ಮುಖದ ಮೇಲೆ ಇನ್ನೂ ಸ್ವಲ್ಪ ಪೌಡರ್ ಉಳಿದಿದೆ.